ಕಾರ್ಡ್ ಫಾಸ್ಟ್ ಆದರೆ ಫೋನ್ ಫಾಸ್ಟ್ ಆಗುತ್ತಾ?

"ಸರ, ಫೋನ್ ಭಾಳ ಸ್ಲೋ ಆಗೇತ್ರಿ. ಚಲೋ ಫಾಸ್ಟ್ ಮೆಮೊರಿ ಕಾರ್ಡ್ ಒಂದು ಕೊಡ್ರಿ." ಹುಬ್ಬಳ್ಳಿಯಲ್ಲಿ ಮೊಬೈಲ್, ಕ್ಯಾಮೆರಾ ರಿಪೇರಿ ಮಾಡಿಕೊಂಡಿರುವ ನನ್ನಂಥವರಿಗೆ ಈ ಮಾತು ಹೊಸದಲ್ಲ. ಕಾರ್ಡ್ ಕೊಟ್ಟು, ದುಡ್ಡು ತೆಗೆದುಕೊಂಡು ಕಳಿಸುವುದು ಸುಲಭ. ಪ್ಯಾಕೆಟ್ ಮೇಲೆ ಸೆಕೆಂಡಿಗೆ 150, 190, 200 ಎಂಬಿ ಎಂದು ದಪ್ಪ ಅಕ್ಷರದಲ್ಲಿ ಬರೆದೇ ಇರುತ್ತೆ. ಆದರೆ ಹಾಗೆ ಹೋದ ಗಿರಾಕಿ ಸ್ವಲ್ಪ ದಿನಕ್ಕೆ ಅದೇ ಫೋನ್ ಹಿಡಿದುಕೊಂಡು ವಾಪಸ್ ಬರುತ್ತಾರೆ. ಫೋನ್ ಮೊದಲಿನಷ್ಟೇ ಸ್ಲೋ. ಅದಕ್ಕೇ ನಾನು ಮೊದಲು ಕೇಳುವುದು, ಈ ಕಾರ್ಡಿನಲ್ಲಿ ಏನು ಇಡ್ತೀರಿ, ಯಾವುದರೊಳಗೆ ಹಾಕ್ತೀರಿ ಅಂತ. ಹಾಡು ಕೇಳುವವರಿಗೆ ಬೇಕಾದ ಕಾರ್ಡೇ ಬೇರೆ, ಮದುವೆ ವಿಡಿಯೋ ತೆಗೆಯುವವರಿಗೆ ಬೇಕಾದದ್ದೇ ಬೇರೆ.

ಮೊದಲು ಫೋನ್ ವಿಷಯ ಮುಗಿಸಿಬಿಡೋಣ. ಕಾರ್ಡ್ ಹಾಕಿದರೆ ರ್‍ಯಾಮ್ ಜಾಸ್ತಿ ಆಗುತ್ತೆ ಎಂದು ಇನ್ನೂ ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ರ್‍ಯಾಮ್ ಎಂದರೆ ಫೋನ್ ಓಡುವಾಗ ಬಳಸುವ ತಾತ್ಕಾಲಿಕ ಮೆಮೊರಿ, ಬೋರ್ಡ್ ಮೇಲೆ ಬೆಸುಗೆ ಹಾಕಿದ ಚಿಪ್. ಅದಕ್ಕೂ ಕಾರ್ಡಿಗೂ ಸಂಬಂಧ ಇಲ್ಲ. ಆಂಡ್ರಾಯ್ಡ್, ವಾಟ್ಸ್ಯಾಪ್, ಫೋನ್‌ಪೇ ಎಲ್ಲ ಓಡುವುದು ಫೋನಿನ ಒಳಗಿನ ಸ್ಟೋರೇಜ್‌ನಿಂದ. ಕಡಿಮೆ ದರದ ಫೋನ್‌ಗಳಲ್ಲಿ ಇರುವ ಇಎಂಎಂಸಿ ಎಂಬ ಸ್ಟೋರೇಜ್ ಚಿಪ್ ಕೂಡ ಸೆಕೆಂಡಿಗೆ ಸುಮಾರು 250 ಎಂಬಿ ಓದಬಲ್ಲದು. ಯುಎಫ್‌ಎಸ್ 3.1 ಎಂಬ ಇನ್ನೂ ವೇಗದ ಚಿಪ್ ಇರುವ ಫೋನ್ ಆದರೆ 2000 ಎಂಬಿ ಹತ್ತಿರ ಹೋಗುತ್ತೆ. ಕಾರ್ಡ್ ಹಾಕುವ ಜಾಗದ ಮಿತಿ ಎಷ್ಟು ಗೊತ್ತಾ? ಮಾಮೂಲಿ ಫೋನ್‌ಗಳಲ್ಲಿ ಇರುವ ಯುಎಚ್‌ಎಸ್-1 ಎಂಬ (ಕಾರ್ಡಿಗೂ ಫೋನಿಗೂ ನಡುವೆ ಡೇಟಾ ಓಡುವ) ದಾರಿಯಲ್ಲಿ ಸೆಕೆಂಡಿಗೆ 104 ಎಂಬಿ. ಅದೂ ಕಾಗದದ ಮೇಲೆ. ಕೈಯಲ್ಲಿ ಸಿಗುವುದು 80, 90. ಅಂದಮೇಲೆ ಅಂಗಡಿಯಲ್ಲಿರುವ ಅತಿ ದುಬಾರಿ ಕಾರ್ಡ್ ಹಾಕಿದರೂ ಅದು ಒಳಗಿನ ಚಿಪ್‌ಗಿಂತ ಹಿಂದೆಯೇ.

ಹಾಗಾದರೆ ಕಾರ್ಡ್ ಹಾಕಿದ ಮೇಲೆ ಕೆಲವರ ಫೋನ್ ನಿಜವಾಗಿಯೂ ಚುರುಕಾಗುತ್ತಲ್ಲ, ಅದು ಹೇಗೆ? ಒಳಗಿನ ಜಾಗ ಖಾಲಿಯಾದದ್ದರಿಂದ. 64 ಜಿಬಿ ಫೋನಿನಲ್ಲಿ 62 ಜಿಬಿ ತುಂಬಿದ್ದರೆ ಯಾವ ಚಿಪ್ ಆದರೂ ಒದ್ದಾಡುತ್ತೆ. ಹೊಸದಾಗಿ ಏನಾದರೂ ಬರೆಯಬೇಕಾದರೆ ಮೊದಲು ಹಳೆಯದನ್ನು ಸರಿಸಿ, ಅಳಿಸಿ ಜಾಗ ಮಾಡಿಕೊಳ್ಳಬೇಕು. ಅದಕ್ಕೆ ಹೊತ್ತು ಹಿಡಿಯುತ್ತೆ. ಮುಂಜಾನೆ ಎದ್ದರೆ ಬರುವ ಶುಭೋದಯದ ಫೋಟೋ, ಬೀಗರು ಕಳಿಸಿದ ಕುಬುಸದ ವಿಡಿಯೋ, ಇವನ್ನೆಲ್ಲ ಕಾರ್ಡಿಗೆ ದಾಟಿಸಿದರೆ ಫೋನ್ ಉಸಿರಾಡುತ್ತೆ. ಈ ಕೆಲಸಕ್ಕೆ ಅಸಲಿಯಾದ ಸಾದಾ ಕಾರ್ಡ್ ಸಾಕು. 200 ಎಂದು ಬರೆದದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಈಗ ಆ 200ರ ಕಥೆ. ಯುಎಚ್‌ಎಸ್-1 ದಾರಿಯ ಮಿತಿಯೇ 104 ಆದರೆ 170, 200 ಎಂದು ಹೇಗೆ ಬರೆಯುತ್ತಾರೆ? ಕಂಪನಿಗಳು ತಮ್ಮದೇ ಉಪಾಯ ಮಾಡಿಕೊಂಡು ಮಿತಿಗಿಂತ ಮೇಲೆ ಓದಿಸುತ್ತವೆ. ಅದು ಸಿಗಬೇಕಾದರೆ ಆ ಕಾರ್ಡಿಗೆ ಹೊಂದುವ ರೀಡರ್ (ಕಾರ್ಡನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಧನ) ಕೂಡ ಬೇಕು. ಫೋನಿಗೆ ಹಾಕಿದ ಕೂಡಲೇ ಕಾರ್ಡ್ ಮತ್ತೆ 104ರ ಒಳಗೇ ಬಂದು ಕೂರುತ್ತೆ. ಇನ್ನೊಂದು ವಿಷಯ, ಈ ದಪ್ಪ ಅಂಕಿ ಓದುವ ವೇಗದ್ದು. ಬರೆಯುವ ವೇಗ ಕಡಿಮೆ ಇರುತ್ತೆ. ಅದನ್ನು ಪ್ಯಾಕೆಟ್ ಹಿಂದೆ ಸಣ್ಣದಾಗಿ ಹಾಕಿರುತ್ತಾರೆ, ಕೆಲವರು ಅದನ್ನೂ ಹಾಕುವುದಿಲ್ಲ. ಯುಎಚ್‌ಎಸ್-2 ಕಾರ್ಡ್ ಆದರೆ 312 ಎಂಬಿ ತನಕ ಹೋಗಬಲ್ಲದು. ಅದರ ಹಿಂಭಾಗದಲ್ಲಿ ಎರಡನೇ ಸಾಲು ಪಿನ್ ಇರುತ್ತೆ. ಫೋನಿನ ಸ್ಲಾಟ್‌ನಲ್ಲಿ ಆ ಸಾಲನ್ನು ಮುಟ್ಟುವ ತಂತಿಯೇ ಇಲ್ಲದಿದ್ದರೆ ಅದೂ ಹಳೇ ವೇಗಕ್ಕೇ ಇಳಿಯುತ್ತೆ. ತನ್ನದೇ ಲೇನ್‌ನಲ್ಲಿ ಧಾರವಾಡಕ್ಕೆ ಹಾರುವ ಚಿಗರಿ ಬಸ್ಸನ್ನು ಸಂಜೆ ಹೊತ್ತು ದುರ್ಗದಬೈಲಿನ ಮಾರ್ಕೆಟ್ ಗದ್ದಲದೊಳಗೆ ಬಿಟ್ಟರೆ ಎಷ್ಟು ಓಡೀತು? ಕಾರ್ಡಿನ ಹಣೆಬರಹವೂ ಅಷ್ಟೇ.

ನೋಡಬೇಕಾದದ್ದು ಕಾರ್ಡಿನ ಮೈಮೇಲಿನ ಚಿಕ್ಕ ಗುರುತುಗಳನ್ನು. ಸಿ ಅಕ್ಷರದೊಳಗೆ 10 ಇದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಸತತವಾಗಿ ಬರೆಯುತ್ತೆ ಎಂದು ಅರ್ಥ. ಯು ಅಕ್ಷರದೊಳಗೆ 1 ಇದ್ದರೂ ಅದೇ 10. ಯು ಒಳಗೆ 3 ಇದ್ದರೆ 30. ವಿ30, ವಿ60, ವಿ90 ಎಂದಿದ್ದರೆ ಆ ಅಂಕಿಯೇ ಕನಿಷ್ಠ ವೇಗ. "ಕನಿಷ್ಠ" ಎನ್ನುವುದು ಇಲ್ಲಿ ಮುಖ್ಯ. ಒಂದು ಸಲ ಜೋರಾಗಿ ಓಡಿ ತೋರಿಸುವುದಕ್ಕಿಂತ, ಒಂದು ತಾಸು ಬಿಡದೆ ಬರೆದರೂ ಅದಕ್ಕಿಂತ ಕೆಳಗೆ ಇಳಿಯಬಾರದು ಎನ್ನುವುದೇ ದೊಡ್ಡ ಭರವಸೆ.

ಇದು ಬೇಕಾಗುವುದು ವಿಡಿಯೋದವರಿಗೆ. ರಾಣೆಬೆನ್ನೂರು, ಹಾವೇರಿ ಕಡೆಯ ಮದುವೆ ಶೂಟಿಂಗ್ ಹುಡುಗರು ಸೀಸನ್ ಶುರುವಾಗುವ ಮೊದಲು ಕಾರ್ಡ್ ಕೊಳ್ಳಲು ಬರುತ್ತಾರೆ. ಅವರ ಗೊಂದಲ ಇರುವುದು ಮೆಗಾಬಿಟ್, ಮೆಗಾಬೈಟ್‌ನಲ್ಲಿ. ಕ್ಯಾಮೆರಾದ ಮೆನುವಿನಲ್ಲಿ 100 ಎಂದು ಇರುವುದು ಮೆಗಾಬಿಟ್. ಕಾರ್ಡಿನ ಮೇಲೆ ಇರುವುದು ಮೆಗಾಬೈಟ್, ಅಂದರೆ ಎಂಬಿ. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಕ್ಯಾಮೆರಾದ ಅಂಕಿಯನ್ನು ಎಂಟರಿಂದ ಭಾಗಿಸಬೇಕು. ಫೋನಿನ ಫುಲ್ ಎಚ್‌ಡಿ ವಿಡಿಯೋ ಸುಮಾರು 20 ಮೆಗಾಬಿಟ್, ಅಂದರೆ ಎರಡೂವರೆ ಎಂಬಿ. ಫೋನಿನ 4ಕೆ ಸುಮಾರು 50, ಅಂದರೆ ಆರು ಎಂಬಿ ಚಿಲ್ಲರೆ. ಡ್ರೋನ್, ಮಿರರ್‌ಲೆಸ್ ಕ್ಯಾಮೆರಾದ 100 ಮೆಗಾಬಿಟ್ ಎಂದರೆ ಹನ್ನೆರಡೂವರೆ ಎಂಬಿ. 200 ಆದರೆ 25. ಇಷ್ಟಕ್ಕೂ ಅಸಲಿ ವಿ30 ಕಾರ್ಡ್ ಸಾಕು. 400 ಮೆಗಾಬಿಟ್‌ನಲ್ಲಿ ತೆಗೆಯುವವರಿಗೆ ಮಾತ್ರ ಸೆಕೆಂಡಿಗೆ 50 ಎಂಬಿ ಬೇಕು, ಅವರು ವಿ60ಕ್ಕೆ ಹೋಗಬೇಕು. ಇದರಲ್ಲಿ ಜಿಪುಣತನ ಮಾಡಿದರೆ ಏನಾಗುತ್ತೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ "ಕಾರ್ಡ್ ಸ್ಲೋ" ಎಂದು ರೆಕಾರ್ಡಿಂಗ್ ನಿಂತರೆ, ಆ ಗಳಿಗೆಯನ್ನು ಮತ್ತೊಮ್ಮೆ ಮಾಡಿಸಲು ಬರುವುದಿಲ್ಲ.

ವೇಗದ ಕಾರ್ಡಿನಿಂದ ಕಣ್ಣಿಗೆ ಕಾಣುವ ಲಾಭ ಸಿಗುವ ಇನ್ನೊಂದು ಗುಂಪು ಹಕ್ಕಿ ಫೋಟೋದವರು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಂಡು ಒಮ್ಮೆಲೇ ಎದ್ದಾಗ ಬಟನ್ ಒತ್ತಿ ಹಿಡಿಯುತ್ತಾರೆ. ಒಂದು ರಾ ಫೋಟೋ (ಕ್ಯಾಮೆರಾ ಜೆಪೆಗ್ ಮಾಡಿ ಕುಗ್ಗಿಸದ ಫೋಟೋ) 25 ಎಂಬಿ ಎಂದುಕೊಳ್ಳಿ. 40 ಫೋಟೋ ತೆಗೆದರೆ 1000 ಎಂಬಿ. ಇಷ್ಟನ್ನು ಕ್ಯಾಮೆರಾ ಮೊದಲು ತನ್ನೊಳಗಿನ ತಾತ್ಕಾಲಿಕ ಜಾಗವಾದ ಬಫರ್‌ನಲ್ಲಿ ಹಿಡಿದಿಟ್ಟುಕೊಂಡು ಆಮೇಲೆ ಕಾರ್ಡಿಗೆ ಸುರಿಯುತ್ತೆ. ಬಫರ್ ತುಂಬಿದರೆ ಶಟರ್ ಕುಂಟುತ್ತೆ. ಕಾರ್ಡ್ ಸೆಕೆಂಡಿಗೆ 35 ಎಂಬಿ ಬರೆದರೆ ಪೂರ್ತಿ ಖಾಲಿಯಾಗಲು ಅರ್ಧ ನಿಮಿಷದ ಹತ್ತಿರ ಬೇಕು. 80 ಎಂಬಿ ಬರೆದರೆ 12, 13 ಸೆಕೆಂಡ್. ಯುಎಚ್‌ಎಸ್-2ರಲ್ಲಿ 200 ಎಂಬಿ ಬರೆದರೆ ಐದೇ ಸೆಕೆಂಡ್. ಹೆಬ್ಬಾತುಗಳು ಅರ್ಧ ನಿಮಿಷ ನಿಮಗಾಗಿ ಕಾಯುತ್ತವಾ? ಇಲ್ಲಿ ದುಡ್ಡು ಹಾಕಿದ್ದಕ್ಕೆ ಸಾರ್ಥಕ. ಆದರೆ ಮೊದಲು ನಿಮ್ಮ ಕ್ಯಾಮೆರಾದ ಸ್ಲಾಟ್ ಯುಎಚ್‌ಎಸ್-2 ಹೌದೋ ಅಲ್ಲವೋ ನೋಡಿಕೊಳ್ಳಿ. ಎರಡು ಸ್ಲಾಟ್ ಇರುವ ಕೆಲವು ಕ್ಯಾಮೆರಾಗಳಲ್ಲಿ ಒಂದು ಮಾತ್ರ ಹಾಗಿರುತ್ತೆ. ಎರಡಕ್ಕೂ ಒಟ್ಟಿಗೆ ಬರೆಯುವಂತೆ ಇಟ್ಟರೆ ನಿಧಾನದ ಕಾರ್ಡ್ ಮುಗಿಸುವ ತನಕ ಬಫರ್ ಖಾಲಿಯಾಗುವುದಿಲ್ಲ.

ಎ1, ಎ2 ಎಂಬ ಗುರುತು ಬೇರೆಯದೇ ಲೆಕ್ಕ. ವಿಡಿಯೋ ಎಂದರೆ ಉದ್ದಕ್ಕೆ ಒಂದೇ ಸಮನೆ ಬರೆಯುವುದು. ಆಪ್ ಹಾಗಲ್ಲ. ಅಲ್ಲೊಂದು ಚೂರು ಓದುತ್ತೆ, ಇಲ್ಲೊಂದು ಚೂರು ಬರೆಯುತ್ತೆ. ಒಂದೊಂದು ಚೂರು 4 ಕೆಬಿ ಅಷ್ಟೇ. ಎ1 ಕಾರ್ಡ್ ಸೆಕೆಂಡಿಗೆ ಕನಿಷ್ಠ ಇಂಥ 1500 ಚೂರು ಓದಬೇಕು, 500 ಚೂರು ಬರೆಯಬೇಕು. ಎ2 ಆದರೆ 4000 ಮತ್ತು 2000. ಈಗ ಗುಣಿಸಿ ನೋಡಿ. 500 ಸಲ 4 ಕೆಬಿ ಎಂದರೆ ಸೆಕೆಂಡಿಗೆ ಬರೀ 2 ಎಂಬಿ! ಪ್ಯಾಕೆಟ್ ಮೇಲೆ ನೂರು, ನೂರೈವತ್ತು ಎಂದು ಹೊಡೆದುಕೊಂಡ ಕಾರ್ಡ್ ಚೂರುಚೂರು ಕೆಲಸಕ್ಕೆ ಬಂದಾಗ ಇಷ್ಟಕ್ಕೇ ಇಳಿಯಬಹುದು. ಆಪ್‌ಗಳನ್ನು ಕಾರ್ಡಿಗೆ ಹಾಕಬೇಡಿ ಎಂದು ನಾನು ಹೇಳುವುದು ಇದಕ್ಕೇ. ಎ2 ಕೊಂಡರೂ, ಅದರ ಪೂರ್ತಿ ವೇಗ ಸಿಗಲು ಫೋನ್ ಕೂಡ ಅದರ ಹೊಸ ಕಮಾಂಡ್‌ಗಳನ್ನು ಅರಿತಿರಬೇಕು. ಅರಿಯದ ಫೋನಿನಲ್ಲಿ ಎ2 ಎಂದರೆ ಎ1ರ ಹಾಗೆಯೇ. ಸುಮ್ನೆ ಜಾಸ್ತಿ ದುಡ್ಡು.

ಕೆಲವು ಫೋನ್‌ಗಳಲ್ಲಿ ಕಾರ್ಡನ್ನೇ ಒಳಗಿನ ಸ್ಟೋರೇಜ್ ಮಾಡಿಕೊಳ್ಳುವ ಆಯ್ಕೆ ಇರುತ್ತೆ. 2015ರಲ್ಲಿ ಆಂಡ್ರಾಯ್ಡ್ 6ರ ಜೊತೆ ಬಂದದ್ದು. ರಿಪೇರಿಯವನಾಗಿ ನನ್ನ ಮಾತು ಕೇಳಿ, ಅದನ್ನು ಒತ್ತಬೇಡಿ. ಹಾಗೆ ಮಾಡಿದ ಕಾರ್ಡಿಗೆ ಬೀಗ ಬೀಳುತ್ತೆ, ಬೀಗದ ಕೈ ಆ ಫೋನಿನೊಳಗೇ ಇರುತ್ತೆ. ನಾಳೆ ಬೋರ್ಡ್ ಸತ್ತರೆ ಕಾರ್ಡ್ ಚೆನ್ನಾಗಿದ್ದೂ ಬೇರೆ ಯಾವುದರಲ್ಲೂ ಓದಲು ಬರುವುದಿಲ್ಲ. ನೀರಿಗೆ ಬಿದ್ದ ಫೋನ್ ತಂದು "ಕಾರ್ಡಿನ್ಯಾಗಿನ ಫೋಟೋ ಅಷ್ಟರೆ ತಗದು ಕೊಡ್ರಿ" ಎಂದವರಿಗೆ ಆಗುವುದಿಲ್ಲ ಎಂದು ಹೇಳುವುದು ನನಗಂತೂ ಕಷ್ಟದ ಕೆಲಸ.

ಕೈಯಲ್ಲಿ ಹಿಡಿದು ಆಡುವ ಗೇಮ್ ಮಷಿನ್ ತರುವ ಹುಡುಗರೂ ಈಗ ಇದ್ದಾರೆ. ಅವರಿಗೆ ಚಿಕ್ಕ ಉತ್ತರ. ವೇಗದ ಕಾರ್ಡಿನಿಂದ ಗೇಮ್ ತೆರೆದುಕೊಳ್ಳುವ ಹೊತ್ತು ಸ್ವಲ್ಪ ಕಡಿಮೆಯಾಗಬಹುದು. ಆಟದ ನಡುವೆ ಸೆಕೆಂಡಿಗೆ ಮೂಡುವ ಚಿತ್ರ, ಅಂದರೆ ಫ್ರೇಮ್, ಜಾಸ್ತಿ ಆಗುವುದಿಲ್ಲ, ಅದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್‌ನ ಕೆಲಸ. ಸ್ಟೀಮ್ ಡೆಕ್, ಹಳೇ ನಿಂಟೆಂಡೋ ಸ್ವಿಚ್ ಎರಡರದ್ದೂ ಯುಎಚ್‌ಎಸ್-1 ಸ್ಲಾಟ್. 2025ರಲ್ಲಿ ಬಂದ ಸ್ವಿಚ್ 2 ಮಾತ್ರ ಬೇರೆ. ಅದರಲ್ಲಿ ಗೇಮ್ ಇಡಲು ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಬಗೆಯ ಕಾರ್ಡೇ ಬೇಕು. ಮನೆಯಲ್ಲಿರುವ ಹಳೇ ಕಾರ್ಡಿನಲ್ಲಿ ಗೇಮ್ ಇಡಲು ಅದು ಬಿಡುವುದಿಲ್ಲ.

ಇನ್ನು ನಮ್ಮ ಕಡೆಯ ದೊಡ್ಡ ಗಿರಾಕಿ, ಹಾಡು ತುಂಬಿಸಿಕೊಳ್ಳುವವರು. ಟ್ರ್ಯಾಕ್ಟರ್‌ನಲ್ಲಿ ಜಾನಪದ, ಮನೆಯ ಸ್ಪೀಕರ್‌ನಲ್ಲಿ ಭಜನೆ, ಕೀಪ್ಯಾಡ್ ಫೋನಿನಲ್ಲಿ ನಾಟಕದ ಪದ. ಅತಿ ಒಳ್ಳೆಯ ಗುಣಮಟ್ಟದ ಎಂಪಿ3 ಹಾಡಿಗೂ ಸೆಕೆಂಡಿಗೆ 40 ಕೆಬಿ ಸಾಕು. ಹಳೇ ಕ್ಲಾಸ್ 4 (ಸಿ ಒಳಗೆ 4 ಇರುವ) ಕಾರ್ಡ್ ಅದರ ನೂರು ಪಟ್ಟು ವೇಗದಲ್ಲಿ ಬರೆಯುತ್ತೆ. ಹಾಗಾಗಿ ಇಲ್ಲಿ ವೇಗದ ಪ್ರಶ್ನೆಯೇ ಇಲ್ಲ. ಹೊಸ ದೊಡ್ಡ ಕಾರ್ಡ್ ಕೊಂಡರೆ ತೊಂದರೆಯೇ ಆಗಬಹುದು. 32 ಜಿಬಿ ತನಕದ ಕಾರ್ಡ್‌ಗಳು ಫ್ಯಾಟ್32 ಎಂಬ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ. ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್. ಬಹಳಷ್ಟು ಕೀಪ್ಯಾಡ್ ಫೋನ್, ಸ್ಪೀಕರ್‌ಗಳಿಗೆ ಈ ಎಕ್ಸ್‌ಫ್ಯಾಟ್ ತಿಳಿಯುವುದಿಲ್ಲ. "ಕಾರ್ಡ್ ಹೊಸಾದೇ ಐತ್ರಿ, ಹಾಡೇ ಬರವಲ್ದು" ಎಂದು ಬರುವ ಗಿರಾಕಿಗೆ 16 ಇಲ್ಲವೇ 32 ಜಿಬಿ ಕಾರ್ಡ್ ಕೊಟ್ಟರೆ ಕೆಲಸ ಮುಗಿಯಿತು.

ಕಾರಿನ ಡ್ಯಾಷ್‌ಕ್ಯಾಮ್, ಮನೆಯ ವೈಫೈ ಕ್ಯಾಮೆರಾಗೂ ವೇಗ ಮುಖ್ಯ ಅಲ್ಲ, ತಾಳಿಕೆ ಮುಖ್ಯ. ಹಗಲೂ ರಾತ್ರಿ ಅಳಿಸಿ ಬರೆದು, ಅಳಿಸಿ ಬರೆದು ಸಾದಾ ಕಾರ್ಡ್ ಬೇಗ ಸವೆಯುತ್ತೆ. ಹೈ ಎಂಡ್ಯೂರೆನ್ಸ್ ಎಂದು ಬರೆದದ್ದನ್ನೇ ಕೇಳಿ ತೆಗೆದುಕೊಳ್ಳಿ.

ಓದುವ ವೇಗದ ಆ ದಪ್ಪ ಅಂಕಿ ಉಪಯೋಗಕ್ಕೆ ಬರುವುದು ಕಂಪ್ಯೂಟರ್‌ಗೆ ಕಾಪಿ ಮಾಡುವಾಗ. ಅಲ್ಲೂ ಜನ ಎಡವುತ್ತಾರೆ. ಕಾರ್ಡಿಗೆ ಸಾವಿರಾರು ರೂಪಾಯಿ ಕೊಟ್ಟು, ಫುಟ್‌ಪಾತ್ ಮೇಲೆ ಸಿಗುವ ಯುಎಸ್‌ಬಿ 2.0 ರೀಡರ್‌ಗೆ ಹಾಕುತ್ತಾರೆ. ಅದು ಸೆಕೆಂಡಿಗೆ 35 ಎಂಬಿ ಕೊಟ್ಟರೆ ಜಾಸ್ತಿ. 60 ಜಿಬಿ ಮದುವೆ ವಿಡಿಯೋ ಇಳಿಸಲು ಅರ್ಧ ತಾಸು ಕೂರಬೇಕು. ಯುಎಸ್‌ಬಿ 3 ರೀಡರ್‌ನಲ್ಲಿ ಅದೇ ಕಾರ್ಡ್ 90 ಕೊಟ್ಟರೆ ಹನ್ನೊಂದು, ಹನ್ನೆರಡು ನಿಮಿಷ. ಕಂಪ್ಯೂಟರ್ ಪೋರ್ಟ್ ಕೂಡ ಯುಎಸ್‌ಬಿ 3 ಆಗಿರಬೇಕು, ಇಲ್ಲದಿದ್ದರೆ ಮತ್ತೆ ಹಳೇ ಕಥೆ. ಸ್ಟುಡಿಯೋದವರು ಯಾವುದಕ್ಕೆ ಮೊದಲು ಖರ್ಚು ಮಾಡಲಿ ಎಂದರೆ ನಾನು ರೀಡರ್ ಕಡೆಯೇ ಕೈ ತೋರಿಸುತ್ತೇನೆ.

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಕಾರ್ಡ್ ಅಸಲಿ ಆಗಿದ್ದರೆ ಮಾತ್ರ. ನಕಲಿ ಕಾರ್ಡಿನ ಮೇಲೂ ವಿ30, ಎ2 ಎಲ್ಲ ನೀಟಾಗಿ ಪ್ರಿಂಟ್ ಆಗಿರುತ್ತೆ. ಒಳಗೆ 8 ಜಿಬಿ ಚಿಪ್ ಇಟ್ಟು 256 ಎಂದು ತೋರಿಸುವ ಹಾಗೆ ಮಾಡಿರುತ್ತಾರೆ. ಮೊದಲ 8 ಜಿಬಿ ಚೆನ್ನಾಗಿಯೇ ಹೋಗುತ್ತೆ. ಆಮೇಲೆ ಬರೆದದ್ದು ಹಳೆಯದರ ಮೇಲೆ ಬೀಳುತ್ತೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಫೋಟೋದ ಹೆಸರು ಕಾಣುತ್ತೆ, ತೆರೆದರೆ ಏನೂ ಇಲ್ಲ. ಕೊಂಡ ದಿನವೇ ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಪುಕ್ಕಟೆ ಪ್ರೋಗ್ರಾಂಗಳಿವೆ. ಇವು ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತವೆ. ಬರೆಯುವ ವೇಗ ಎಷ್ಟು ಎನ್ನುವುದೂ ಅದರಲ್ಲೇ ಗೊತ್ತಾಗುತ್ತೆ. ಹೊತ್ತು ಹಿಡಿಯುತ್ತೆ, ರಾತ್ರಿ ಹಚ್ಚಿ ಮಲಗಿ.

ಚೆನ್ನಾಗಿದ್ದ ಕಾರ್ಡ್ ಒಂದು ದಿನ ಫೋಟೋ ತೋರಿಸುತ್ತೆ, ಆದರೆ ಏನನ್ನೂ ಅಳಿಸಲು ಬಿಡುವುದಿಲ್ಲ. ಅಳಿಸಿದ್ದು ಮತ್ತೆ ವಾಪಸ್ ಬರುತ್ತೆ. ಆಗ ವೈರಸ್ ಎಂದುಕೊಂಡು ಮತ್ತೆ ಮತ್ತೆ ಫಾರ್ಮ್ಯಾಟ್ ಒತ್ತಬೇಡಿ. ಬಹಳಷ್ಟು ಸಲ ಅದು ಕಾರ್ಡಿನ ಆಯುಸ್ಸು ಮುಗಿದು, ಇನ್ನು ಬರೆಯುವುದಿಲ್ಲ ಎಂದು ಅದರ ಒಳಗಿನ ಕಂಟ್ರೋಲರ್ ಬಾಗಿಲು ಹಾಕಿಕೊಂಡಿರುವುದು. ಓದಲು ಇನ್ನೂ ಬರುತ್ತಿದ್ದರೆ ಅವತ್ತೇ ಎಲ್ಲವನ್ನೂ ಕಾಪಿ ಮಾಡಿಕೊಂಡು ಹೊಸ ಕಾರ್ಡ್ ತೆಗೆದುಕೊಳ್ಳಿ.