ಎಪ್ಪತ್ತೆರಡು ಪಟ್ಟು ಕುಗ್ಗದ ಮಳೆಗಾಲ

ಜಡಿಮಳೆಯ ಕಕ್ಕಡ ತಿಂಗಳಲ್ಲಿ ಮಡಿಕೇರಿಯಂಥ ಊರಲ್ಲಿ ಕೂತು ಪ್ಲಾಸ್ಟಿಕ್ ಮಾದರಿ ವಿಮಾನಕ್ಕೆ ಲ್ಯಾಕರ್ ಬಣ್ಣ ಹೊಡೆದರೆ ಕಪ್ಪು ಬೂದಾಗುತ್ತದೆ. ಹೊಡೆದ ಗಳಿಗೆಯಲ್ಲಿ ಮಿರಮಿರ ಮಿಂಚುತ್ತಿದ್ದ ಮೈ ಒಣಗುತ್ತಾ ಬಂದ ಹಾಗೆ ಮಬ್ಬಾಗುತ್ತದೆ, ಅಲ್ಲಲ್ಲಿ ಬಿಳಿ ಕಲೆ ಏಳುತ್ತದೆ. ಬಣ್ಣ ಹಳೆಯದು, ಅದನ್ನು ತೆಳುಗೊಳಿಸುವ ಥಿನ್ನರ್ ಕಲಬೆರಕೆ ಎಂದು ಅಂಗಡಿಯವರ ಮೇಲೆ ಹರಿಹಾಯುವುದು ಸುಲಭ. ತಪ್ಪು ಇರುವುದು ಗಾಳಿಯಲ್ಲಿ.

ಥಿನ್ನರ್ ಬೇಗ ಆವಿಯಾಗುವ ದ್ರವ. ಆವಿಯಾಗಲು ಬೇಕಾದ ಶಾಖವನ್ನು ಅದು ಬಣ್ಣದ ಪದರದಿಂದಲೇ ಕಿತ್ತುಕೊಳ್ಳುತ್ತದೆ. ಹಾಗಾಗಿ ಒದ್ದೆ ಬಣ್ಣದ ಮೈ ಕೋಣೆಯ ಗಾಳಿಗಿಂತ ಕೆಲವು ಡಿಗ್ರಿ ತಣ್ಣಗಾಗುತ್ತದೆ. ಹೊರಗೆ 20 ಡಿಗ್ರಿ, ತೇವಾಂಶ ಶೇ. 50 ಇದ್ದರೆ ಆ ಗಾಳಿಯಲ್ಲಿ ಇಬ್ಬನಿ ಕಟ್ಟಲು ಸುಮಾರು 9 ಡಿಗ್ರಿಗೆ ಇಳಿಯಬೇಕು. ಅಷ್ಟು ಇಳಿಯುವುದರೊಳಗೆ ಬಣ್ಣ ಒಣಗಿರುತ್ತದೆ. ಅದೇ 20 ಡಿಗ್ರಿಯಲ್ಲಿ ತೇವಾಂಶ ಶೇ. 95 ಆದರೆ 19 ಡಿಗ್ರಿ ಚಿಲ್ಲರೆಗೇ ಇಬ್ಬನಿ ಶುರು. ಒಂದು ಡಿಗ್ರಿ ತಣಿದರೆ ಸಾಕು, ಕೋಣೆಯ ತೇವ ಒದ್ದೆ ಬಣ್ಣದ ಮೇಲೆ ಕಣ್ಣಿಗೆ ಕಾಣದ ಹನಿಗಳಾಗಿ ಕೂರುತ್ತದೆ. ಆ ಹನಿಗಳು ಪದರದೊಳಗೆ ಬಿಡುವ ಸಣ್ಣ ಸಣ್ಣ ಪೊಳ್ಳುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ನಮ್ಮ ಕಣ್ಣಿಗೆ ಅದೇ ಬಿಳಿ ಮಬ್ಬು.

ನಿಧಾನವಾಗಿ ಆರುವ ಥಿನ್ನರ್ ಬೆರೆಸಿದರೆ ಸ್ವಲ್ಪ ಪರಿಹಾರ. ಒಲೆಯ ಪಕ್ಕ ಇಟ್ಟು ಒಣಗಿಸೋಣ ಎಂದು ಮಾತ್ರ ಯಾರೂ ಹೋಗಬೇಡಿ; ಥಿನ್ನರ್ ಆವಿಗೆ ಕಿಡಿ ಸಾಕು.

ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ ಗಾಳಿ ಕೊಡುವ ಕಂಪ್ರೆಸರ್ ಇನ್ನೊಂದು ತೊಂದರೆ ತರುತ್ತದೆ. 20 ಡಿಗ್ರಿಯ ಮಳೆಗಾಲದ ಗಾಳಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 16 ಗ್ರಾಂ ನೀರಾವಿ ಇರುತ್ತದೆ. ಆ ಗಾಳಿಯನ್ನು ಮೂರನೇ ಒಂದು ಭಾಗಕ್ಕೆ ಒತ್ತಿ, ಮತ್ತೆ ಕೋಣೆಯ ಉಷ್ಣತೆಗೆ ತಣಿಸಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲದ್ದು 6 ಗ್ರಾಂಗೂ ಕಡಿಮೆ. ಉಳಿದ ಹತ್ತು ಗ್ರಾಂ, ಅಂದರೆ ಎರಡು ಟೀ ಚಮಚ ನೀರು, ಕೊಳವೆಯೊಳಗೆ ಹನಿಯಾಗಿ ಹರಿದು, ನೀವು ರೆಕ್ಕೆಯ ಮೇಲೆ ಕೊನೆಯ ಪದರ ಹೊಡೆಯುವಾಗ ಪಿಚಕ್ಕನೆ ಚಿಮ್ಮುತ್ತದೆ. ಅದಕ್ಕೇ ಕೊಳವೆಯ ನಡುವೆ ಗಾಜಿನ ಬಟ್ಟಲಿನಂಥ ತೇವ ಹಿಡಿಯುವ ಸಾಧನ ಸಿಕ್ಕಿಸುತ್ತಾರೆ. ಬಯಲುಸೀಮೆಯಲ್ಲಿ ಅದು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಇಲ್ಲಿ ಅದಿಲ್ಲದೆ ಕೆಲಸಕ್ಕೆ ಕೂರುವಂತಿಲ್ಲ.

ಬಿಡಿಭಾಗಗಳ ಕಿಟ್ ತಂದು ಮಾದರಿ ಕಟ್ಟುವ ಈ ಹವ್ಯಾಸದ ಕಷ್ಟವೆಲ್ಲ ಇಲ್ಲೇ ಇದೆ. ಕಿಟ್ ಕಂಪನಿ ವಿಮಾನವನ್ನು 72 ಪಟ್ಟು ಕುಗ್ಗಿಸಿ ಡಬ್ಬಿಯಲ್ಲಿ ಕೊಡುತ್ತದೆ. ನೀರಿನ ಹನಿಯನ್ನು, ಬಣ್ಣದ ಅಂಟುತನವನ್ನು, ಬೆಳಕನ್ನು ಕುಗ್ಗಿಸಿ ಕೊಡಲು ಯಾರಿಗೂ ಆಗುವುದಿಲ್ಲ.

ಕೊಡಗಿನವರು ಒಂದು ಜೆಟ್ ಮಾದರಿ ಕಟ್ಟುವುದಾದರೆ ಅದು ಮಿಸ್ಟೇರ್ 4ಎ ಯುದ್ಧವಿಮಾನ ಆಗಿರಬೇಕು ಎಂಬುದು ನನ್ನ ಹಟ. ಅಜ್ಜಮಾಡ ಬೋಪಯ್ಯ ದೇವಯ್ಯ ಹಾರಿಸಿದ ವಿಮಾನ ಅದು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. 1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ಹೊರಟ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿತು. ಸ್ಕ್ವಾಡ್ರನ್ ಲೀಡರ್ ದೇವಯ್ಯ ಆ ದಿನ ಮೀಸಲು ಪೈಲಟ್ ಆಗಿ ತಂಡದ ಜೊತೆ ಹೋದವರು. ಅಲ್ಲಿ ಅವರ ಮೇಲೆ ಎರಗಿದ್ದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಎಫ್-104 ಸ್ಟಾರ್‌ಫೈಟರ್. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ವಿಮಾನ. ಆದರೂ ಸ್ಟಾರ್‌ಫೈಟರ್ ಉರುಳಿತು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ. ದೇವಯ್ಯ ಮರಳಲಿಲ್ಲ. ಆ ಕಾಳಗದ ವಿವರ ನಮ್ಮವರಿಗೆ ಗೊತ್ತಾಗಲು ವರ್ಷಗಳೇ ಹಿಡಿದವು. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಎರಡೂ ವಿಮಾನಗಳನ್ನು 72ನೇ ಒಂದರ ಅಳತೆಯಲ್ಲಿ ಕಟ್ಟಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ಆ ಕಾಳಗದ ಅರ್ಧ ಗುಟ್ಟು ಕಣ್ಣಿಗೇ ಕಾಣುತ್ತದೆ. ಮಿಸ್ಟೇರ್ ಉದ್ದ ಸುಮಾರು 17.8 ಸೆಂ.ಮೀ., ರೆಕ್ಕೆಯ ತುದಿಯಿಂದ ತುದಿಗೆ 15.4 ಸೆಂ.ಮೀ. ಸ್ಟಾರ್‌ಫೈಟರ್ ಉದ್ದ 23 ಸೆಂ.ಮೀ., ರೆಕ್ಕೆ ಬರೀ 9.2 ಸೆಂ.ಮೀ.! ನಿಜವಾದ ವಿಮಾನದಲ್ಲಿ ಮಿಸ್ಟೇರ್‌ನ ರೆಕ್ಕೆಯ ಹರವು 32 ಚದರ ಮೀಟರ್, ಸ್ಟಾರ್‌ಫೈಟರ್‌ನದು 18 ಚಿಲ್ಲರೆ. ತೂಕದಲ್ಲಿ ಸ್ಟಾರ್‌ಫೈಟರ್ ಹಗುರವೇನಲ್ಲ. ಒಂದೊಂದು ಚದರ ಮೀಟರ್ ರೆಕ್ಕೆ ಹೊರುವ ಭಾರ ಅದರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ನೇರವಾಗಿ ನುಗ್ಗುವುದಕ್ಕೆ ಅದು ಸರಿ. ಆದರೆ ಕೆಳಮಟ್ಟದಲ್ಲಿ ವೇಗ ಇಳಿಸಿ ತಿರುವು ತೆಗೆದುಕೊಳ್ಳುವ ಜಗಳಕ್ಕೆ ಇಳಿದರೆ ಅಗಲ ರೆಕ್ಕೆಯವನು ಒಳಗಿನಿಂದ ತಿರುಗುತ್ತಾನೆ. ಉಳಿದರ್ಧ ಗುಟ್ಟು ಕಾಕ್‌ಪಿಟ್‌ನಲ್ಲಿ ಕೂತವರ ಎದೆಗಾರಿಕೆಯದು, ಅದಕ್ಕೆ ಅಳತೆಯಿಲ್ಲ.

ಕುಗ್ಗಿಸುವ ಲೆಕ್ಕವೂ ವಿಚಿತ್ರ. ಉದ್ದ 72 ಪಟ್ಟು ಕುಗ್ಗಿದರೆ ರೆಕ್ಕೆಯ ಹರವು 72 ಇಂಟು 72, ಅಂದರೆ 5,184 ಪಟ್ಟು ಕುಗ್ಗುತ್ತದೆ. ತೂಕ ಕುಗ್ಗಬೇಕಾದದ್ದು 3,73,248 ಪಟ್ಟು. ಏಳೂವರೆ ಟನ್ ಮಿಸ್ಟೇರ್ ಈ ಲೆಕ್ಕದಲ್ಲಿ 20 ಗ್ರಾಂ. ಮೂಗಿನ ಕೆಳಗೆ ಗಾಲಿ ಇರುವ ಜೆಟ್‌ಗಳ ಮಾದರಿಯಲ್ಲಿ ಈ 20 ಗ್ರಾಂ ಎಲ್ಲೆಲ್ಲಿ ಹಂಚಿಹೋಗಿದೆ ಎನ್ನುವುದೇ ಮುಖ್ಯ. ನಿಜ ವಿಮಾನದಲ್ಲಿ ಮುಂದುಗಡೆ ಫಿರಂಗಿ, ರೇಡಿಯೊ, ಪೈಲಟ್ ಎಲ್ಲ ಇರುತ್ತವೆ. ಕಿಟ್‌ನ ಮೂಗು ಪೊಳ್ಳು. ಗಾಲಿಗಳ ಮೇಲೆ ನಿಲ್ಲಿಸಿದರೆ ಬಾಲ ನೆಲಕ್ಕೆ ತಾಗಿ ಮೂಗು ಆಕಾಶ ನೋಡುತ್ತದೆ. ಮೈಯ ಎರಡು ಹೋಳು ಮುಚ್ಚುವ ಮೊದಲೇ ಮೂಗಿನೊಳಗೆ ಮೀನಿನ ಗಾಳದ ಸೀಸದ ಗುಂಡು ಅಂಟಿಸಬೇಕು. ಆದಷ್ಟು ತುದಿಗೆ ಹಾಕಿದರೆ ಕಡಿಮೆ ಸೀಸ ಸಾಕು.

ಕೆಲವು ಭಾಗಗಳನ್ನಂತೂ ಯಾವ ಕಾರ್ಖಾನೆಯೂ ಸರಿಯಾದ ಅಳತೆಗೆ ತರಲಾರದು. ಸ್ಟಾರ್‌ಫೈಟರ್ ರೆಕ್ಕೆಯ ಮುಂದಿನ ಅಂಚು ಅರ್ಧ ಮಿಲಿಮೀಟರಿಗೂ ತೆಳು. ನೆಲದ ಮೇಲೆ ಕೆಲಸ ಮಾಡುವವರ ಕೈ ಕೊಯ್ಯದಿರಲಿ ಎಂದು ಅದಕ್ಕೆ ಕವಚ ಹಾಕುತ್ತಿದ್ದರು. ಅದನ್ನು 72 ಪಟ್ಟು ಕುಗ್ಗಿಸಿದರೆ ಏಳು ಮೈಕ್ರಾನಿಗೂ ಕಡಿಮೆ, ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು. ಕರಗಿದ ಪ್ಲಾಸ್ಟಿಕ್ ಅಷ್ಟು ಸಣ್ಣ ಸಂದಿಗೆ ಹರಿಯುವ ಮೊದಲೇ ಗಟ್ಟಿಯಾಗುತ್ತದೆ. ಅದೇ ಥರ, ಒಂದು ಮಿಲಿಮೀಟರ್ ದಪ್ಪದ ಕ್ಯಾನೊಪಿ (ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ಎಂದರೆ ನಿಜ ವಿಮಾನದಲ್ಲಿ 7.2 ಸೆಂ.ಮೀ. ದಪ್ಪದ ಗಾಜು! ಒಳಗೆ ಎಷ್ಟು ಚಂದ ಕಾಕ್‌ಪಿಟ್ ಬರೆದರೂ ಅದು ಸೊಟ್ಟಗೆ ಕಾಣುವುದು ಇದಕ್ಕೇ. ತಗಡುಗಳ ನಡುವಿನ ಗೆರೆ 0.2 ಮಿ.ಮೀ. ಅಗಲ ಇದ್ದರೆ ನಿಜ ವಿಮಾನದಲ್ಲಿ ಬೆರಳು ತೂರುವಷ್ಟು ಬಿರುಕು. ಆ ಗೆರೆಗಳಿಗೆ ಕಪ್ಪು ಶಾಯಿ ತುಂಬಿ ಎದ್ದು ಕಾಣಿಸುವವರು ಬಹಳ. ನನಗೆ ಅದು ಹಿಡಿಸುವುದಿಲ್ಲ. ಹಾರುವ ವಿಮಾನ ಚೌಕಳಿ ಲುಂಗಿ ಉಟ್ಟಿರುವುದಿಲ್ಲ.

ಅಂಟಿನ ವಿಷಯಕ್ಕೆ ಬಂದರೆ ಕೊಡಗಿನವರಿಗೆ ಮನೆಯಲ್ಲೇ ಪಾಠವಿದೆ. ಕಿತ್ತಳೆ ಸುಲಿದು ಸಿಪ್ಪೆಯನ್ನು ಮಡಚಿ ಥರ್ಮೊಕೋಲ್ ತುಂಡಿನ ಮೇಲೆ ಹಿಂಡಿ ನೋಡಿ. ಚಿಮ್ಮಿದ ಎಣ್ಣೆ ಬಿದ್ದಲ್ಲಿ ಥರ್ಮೊಕೋಲ್ ಕುಸಿದು ಗುಳಿ ಬೀಳುತ್ತದೆ. ಆ ಎಣ್ಣೆಯ ಬಹುಪಾಲು ಲಿಮೊನೀನ್ ಎಂಬ ದ್ರಾವಕ. ಥರ್ಮೊಕೋಲ್ ಎಂದರೆ ನೊರೆ ಬರಿಸಿ ಉಬ್ಬಿಸಿದ ಪಾಲಿಸ್ಟೈರೀನ್. ಮಾದರಿ ಕಿಟ್‌ಗಳೂ ಪಾಲಿಸ್ಟೈರೀನೇ, ಉಬ್ಬಿಸದ್ದು ಅಷ್ಟೆ. ಟಮಿಯಾ ಕಂಪನಿ ಲಿಮೊನೀನ್ ಅಂಟನ್ನೇ ಮಾರುತ್ತದೆ, ಬಾಟಲಿ ತೆರೆದರೆ ಕಿತ್ತಳೆ ವಾಸನೆ. ನಿಜ ಹೇಳಬೇಕೆಂದರೆ ಅದು ಫೆವಿಕಾಲ್ ಹಾಗೆ ನಡುವೆ ಕೂತು ಹಿಡಿಯುವ ಅಂಟಲ್ಲ. ಎರಡೂ ಭಾಗಗಳ ಅಂಚು ಕರಗಿ, ಬಿಸಿ ನೂಪುಟ್ಟಿನ (ಒತ್ತುಶ್ಯಾವಿಗೆಯ) ಎರಡು ಮುದ್ದೆಯನ್ನು ಒತ್ತಿದಾಗ ಎಳೆಗಳು ಹೆಣೆದುಕೊಳ್ಳುವಂತೆ, ಪಾಲಿಸ್ಟೈರೀನಿನ ಉದ್ದುದ್ದ ಅಣುಗಳು ಒಂದರೊಳಗೊಂದು ತೂರಿಕೊಳ್ಳುತ್ತವೆ. ದ್ರಾವಕ ಆರಿಹೋದ ಮೇಲೆ ಉಳಿಯುವುದು ಒಂದೇ ತುಂಡು ಪ್ಲಾಸ್ಟಿಕ್. ಹೆಚ್ಚು ಸುರಿದರೆ ಮೈಯೇ ಮೆತ್ತಗಾಗಿ ಬೆರಳಿನ ಗುರುತು ಅಚ್ಚೊತ್ತುತ್ತದೆ. ಬಣ್ಣ, ರಾಳ, ಲೋಹದ ತುಂಡುಗಳನ್ನು ಈ ಅಂಟು ಹಿಡಿಯುವುದಿಲ್ಲ; ಅವನ್ನು ಕರಗಿಸಲು ಅದಕ್ಕೆ ಬರುವುದಿಲ್ಲ.

ಆ ಕಾಲದ ಮಿಸ್ಟೇರ್ ಫೋಟೋಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬಣ್ಣವಿಲ್ಲದ ಅಲ್ಯೂಮಿನಿಯಂ ಮೈ. ಬಣ್ಣ ಹೊಡೆದು ಬಣ್ಣವಿಲ್ಲದ ಹಾಗೆ ಕಾಣಿಸುವುದು ಈ ಕೆಲಸದಲ್ಲೇ ಕಷ್ಟದ್ದು. ಲೋಹದ ಬಣ್ಣದಲ್ಲಿ ಅಲ್ಯೂಮಿನಿಯಂನ ಅತಿ ಸಣ್ಣ ಚಕ್ಕೆಗಳಿರುತ್ತವೆ. ಚಕ್ಕೆಗಳು ಮೈಗೆ ಚಪ್ಪಟೆಯಾಗಿ ಮಲಗಿದರೆ ಲೋಹ. ಅಡ್ಡಾದಿಡ್ಡಿ ಎದ್ದು ನಿಂತರೆ ಬೂದು. ಹಾಗಾಗಿ ಕೆಳಗಿನ ಮೈ ನುಣ್ಣಗಿರಬೇಕು: ಉಜ್ಜುಕಾಗದದ ಗೀರೆಲ್ಲ ತೆಗೆದು, ಪ್ರೈಮರ್ ಹಾಕಿ, ಮೇಲೆ ಹೊಳೆಯುವ ಕಪ್ಪು, ಅದರ ಮೇಲೆ ಲೋಹದ ಬಣ್ಣದ ತೆಳು ಪದರ. ತೆಳು ಎಂದರೆ ನಿಜಕ್ಕೂ ತೆಳು. ಎಲ್ಲ ಸೇರಿ 50 ಮೈಕ್ರಾನ್ ಆದರೂ ನಿಜ ವಿಮಾನಕ್ಕೆ 3.6 ಮಿ.ಮೀ. ಗಾರೆ ಮೆತ್ತಿದ ಲೆಕ್ಕ.

ಇಷ್ಟಾದ ಮೇಲೆ ಡೀಕಾಲ್, ಅಂದರೆ ಮೈಗೆ ಅಂಟಿಸುವ ಅಚ್ಚಿನ ಚಿತ್ರ. ನಮ್ಮ ವಾಯುಪಡೆಯ ಗುರುತಾದ ಕೇಸರಿ, ಬಿಳಿ, ಹಸಿರಿನ ವೃತ್ತವನ್ನು ನೀರಲ್ಲಿ ನೆನೆಸಿ ಜಾರಿಸಿ ಕೂರಿಸುವುದು. ಒರಟು ಮೈ ಮೇಲೆ ಕೂರಿಸಿದರೆ ಕೆಳಗೆ ಗಾಳಿ ಸಿಕ್ಕಿಕೊಂಡು ಅಂಚಿನ ಪಾರದರ್ಶಕ ಪೊರೆ ಬೆಳ್ಳಗೆ ಹೊಳೆಯುತ್ತದೆ. ಬಣ್ಣ ಮಬ್ಬಾದದ್ದೂ ಹೀಗೇ: ಪದರದೊಳಗಿನ ಗಾಳಿಯ ಸಂದಿಯಲ್ಲಿ ಬೆಳಕು ದಿಕ್ಕು ತಪ್ಪುತ್ತದೆ. ಡೀಕಾಲ್‌ನ ಗೋಂದಿನಲ್ಲಿ ಪಿಷ್ಟದ ಅಂಶವಿರುವುದರಿಂದ ಬೂಷ್ಟಿಗೆ ಅದು ಊಟ. ಮಳೆಗಾಲದಲ್ಲಿ ಡೀಕಾಲ್ ಹಾಳೆಯನ್ನು ಕಿಟ್ ಡಬ್ಬಿಯಲ್ಲಿ ಹಾಗೇ ಬಿಡದೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಚೀಲದಲ್ಲಿ ಇಡಬೇಕು.

ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಬೇಕು ಎಂಬ ವಾಡಿಕೆ ಮಾದರಿ ಕಟ್ಟುವವರಲ್ಲಿದೆ. ಕಾರಣ ಹೀಗೆ ಹೇಳುತ್ತಾರೆ: ಮಾದರಿಯನ್ನು 30 ಸೆಂ.ಮೀ. ದೂರದಿಂದ ನೋಡುವುದು ನಿಜ ವಿಮಾನವನ್ನು 21.6 ಮೀಟರ್ ದೂರದಿಂದ ನೋಡಿದಂತೆ, ನಡುವಿನ ಗಾಳಿಯಲ್ಲಿ ಬಣ್ಣ ಪೇಲವವಾಗುತ್ತದೆ. ರಾಜಾಸೀಟಿನಲ್ಲಿ ನಿಂತವರಿಗೆ ಇದು ಸರಿ ಅನ್ನಿಸುತ್ತದೆ. ಹತ್ತಿರದ ಬೆಟ್ಟ ಹಸಿರು, ಅದರಾಚೆಯದು ನೀಲಿ, ಅದರಾಚೆಯದು ಬೂದು. ಆದರೆ ಅಲ್ಲಿನ ದೂರ ಕಿಲೋಮೀಟರುಗಳದ್ದು. ಹತ್ತು ಕಿ.ಮೀ. ಕಾಣುವ ತಿಳಿ ದಿನದಲ್ಲಿ 21 ಮೀಟರ್ ಗಾಳಿ ಬಣ್ಣವನ್ನು ಶೇ. 1ರಷ್ಟೂ ಮಂಕಾಗಿಸುವುದಿಲ್ಲ. ಐವತ್ತು ಮೀಟರ್ ಆಚೆ ಏನೂ ಕಾಣದ ನಮ್ಮ ಮಂಜಿನಲ್ಲಾದರೆ ಶೇ. 80 ನುಂಗಿಬಿಡುತ್ತದೆ, ಅದು ಬೇರೆ ಮಾತು. ನನ್ನ ಪ್ರಕಾರ ನಿಜವಾದ ಕಾರಣ ದೀಪ. ಬಿಸಿಲಲ್ಲಿ ನಿಂತ ವಿಮಾನದ ಮೇಲೆ ಒಂದು ಲಕ್ಷ ಲಕ್ಸ್ ಬೆಳಕು ಬಿದ್ದರೆ, ಮನೆಯ ಟ್ಯೂಬ್‌ಲೈಟ್ ಕೆಳಗೆ ಸಿಗುವುದು ಕೆಲವು ನೂರು. ಬೆಳಕು ತಗ್ಗಿದಂತೆ ನಮ್ಮ ಕಣ್ಣಿಗೆ ಬಣ್ಣಗಳು ಕಪ್ಪಗಾಗಿ, ಸತ್ವ ಕಳೆದುಕೊಂಡಂತೆ ಕಾಣುತ್ತವೆ. ಆದ್ದರಿಂದ ಬಿಳಿ ಎಷ್ಟು ಹನಿ ಎಂಬುದನ್ನು ಅಳತೆಯ ಕೋಷ್ಟಕ ನೋಡಿ ತೀರ್ಮಾನಿಸುವ ಬದಲು, ಮಾದರಿ ಇಡುವ ಕಪಾಟಿನ ದೀಪ ಹಾಕಿ ನೋಡಿ ತೀರ್ಮಾನಿಸುವುದು ಮೇಲು. ಲೋಹದ ಮೈಯ ಮಿಸ್ಟೇರ್‌ಗೆ ಆ ತಲೆಬಿಸಿಯೂ ಇಲ್ಲ. ಅದರಲ್ಲಿ ಬಿಳಿ ಬೇಡುವಂಥ ಬಣ್ಣ ಇರುವುದು ವೃತ್ತದ ಕೇಸರಿ ಮತ್ತು ಹಸಿರು, ಅವೆರಡೂ ಡೀಕಾಲ್‌ನಲ್ಲಿ ಅಚ್ಚಾಗಿಯೇ ಬಂದಿರುತ್ತವೆ.