1944ರಲ್ಲಿ ಕಮಿಸಾರ್ ಎಲ್ಲಿಂದ ಬಂದ?

ಎರಡನೇ ಮಹಾಯುದ್ಧದ ಸೋವಿಯತ್ ಸೇನೆಯ ಬಗ್ಗೆ ಕಥೆ, ನಾಟಕ, ಭಾಷಣ ಯಾವುದೇ ಇರಲಿ, ಈ ದೃಶ್ಯ ತಪ್ಪುವುದಿಲ್ಲ: ಇಸವಿ 1944, ದಾಳಿಗೆ ಹೊರಟ ಸೈನಿಕರು, ಅವರ ಬೆನ್ನಿಗೆ ಪಿಸ್ತೂಲು ಹಿಡಿದ ಕಮಿಸಾರ್, ಅಂದರೆ ಸೇನೆಯಲ್ಲಿದ್ದ ಕಮ್ಯುನಿಸ್ಟ್ ಪಕ್ಷದ ರಾಜಕೀಯ ಅಧಿಕಾರಿ. ಆ ವರ್ಷ ಕೆಂಪು ಸೇನೆಯ ರೆಜಿಮೆಂಟುಗಳಲ್ಲಿ ಕಮಿಸಾರ್ ಎಂಬ ಹುದ್ದೆಯೇ ಇರಲಿಲ್ಲ.

1937ರಲ್ಲಿ ಮರಳಿ ತಂದ ಹುದ್ದೆಯನ್ನು 1940ರ ಆಗಸ್ಟ್‌ನಲ್ಲಿ ತೆಗೆದರು. ಜರ್ಮನರು ನುಗ್ಗಿದ ಮೇಲೆ, 1941ರ ಜುಲೈ 16ರಂದು ಮತ್ತೆ ತಂದರು. 1942ರ ಅಕ್ಟೋಬರ್ 9ರಂದು ಮತ್ತೆ ತೆಗೆದರು. ಇಡೀ ಯುದ್ಧದಲ್ಲಿ ಹದಿನೈದು ತಿಂಗಳೂ ತುಂಬಲಿಲ್ಲ. (ಪಾರ್ಟಿಸಾನ್, ಅಂದರೆ ಗೆರಿಲ್ಲಾ ಪಡೆಗಳ ಲೆಕ್ಕ ಬೇರೆ, ಅದನ್ನು ಇಲ್ಲಿ ಬೆರೆಸಬೇಡಿ.) ಆ ಅವಧಿಯಲ್ಲೂ ಸೇನೆಯ ಸಣ್ಣ ಘಟಕವಾದ ಕಂಪನಿಯಲ್ಲಿ ಇದ್ದವನು ಪೊಲಿತ್ರುಕ್, ಅಂದರೆ ರಾಜಕೀಯ ಬೋಧಕ. ಕಮಿಸಾರ್ ಇದ್ದದ್ದು ಅದಕ್ಕಿಂತ ಮೇಲಿನ, ರೆಜಿಮೆಂಟ್, ಡಿವಿಷನ್‌ನಂಥ ಮಟ್ಟದಲ್ಲಿ. ಪೊಲಿತ್ರುಕ್ ಎಂಬುದು ಹುದ್ದೆಯೂ ಹೌದು, ಸೀನಿಯರ್ ಲೆಫ್ಟಿನೆಂಟ್‌ಗೆ ಸಮನಾದ ದರ್ಜೆಯೂ ಹೌದು. ‘ಬೆಟಾಲಿಯನ್ ಕಮಿಸಾರ್’ ಎಂಬ ದರ್ಜೆ ಇದ್ದವನು ಬೆಟಾಲಿಯನ್ನಿನಲ್ಲೇ ಇರಬೇಕೆಂದೂ ಇಲ್ಲ. ಅನುವಾದಕರು ಎಡವುವುದು ಇಲ್ಲೇ.

ಬೆನ್ನ ಹಿಂದಿನ ಬಂದೂಕಿನ ಮಾತು ಪೂರ್ತಿ ಸುಳ್ಳಲ್ಲ, ಆದರೆ ವಿಳಾಸ ತಪ್ಪು. 1942ರ ಜುಲೈ 28ರ ಸ್ಟಾಲಿನ್‌ನ 227ನೇ ಆದೇಶ ಪ್ರತಿ ಆರ್ಮಿಗೆ ಮೂರರಿಂದ ಐದು ತಡೆದಳ, ಅಂದರೆ ಹಿಂದೆ ಓಡುವವರನ್ನು ತಡೆಯುವ ದಳ, ರಚಿಸಲು ಹೇಳಿತು, ಒಂದೊಂದರಲ್ಲಿ 200 ಜನರವರೆಗೆ. ಅದು ಪೊಲಿತ್ರುಕ್‌ನ ಕೆಲಸವಾಗಿರಲಿಲ್ಲ. ಸೈನಿಕರ ಮೇಲಿನ ಗೂಢಚರ್ಯೆ ರಹಸ್ಯ ಪೊಲೀಸರ ‘ವಿಶೇಷ ವಿಭಾಗ’ಗಳದು, 1943ರ ಏಪ್ರಿಲ್‌ನಿಂದ ಅವುಗಳ ಜಾಗಕ್ಕೆ ಬಂದ ಸ್ಮೆರ್ಶ್ ಎಂಬ ಸಂಸ್ಥೆಯದು. ಹಾಗಂತ ಪೊಲಿತ್ರುಕ್ ಸಾಧು ಎಂದು ಓದಿಕೊಳ್ಳಬೇಡಿ. ಸೈನಿಕರ ಮನಃಸ್ಥಿತಿಯ ವರದಿಯನ್ನು ಮೇಲಕ್ಕೆ ಕಳಿಸುತ್ತಿದ್ದವನು ಅವನೇ.

ಅವನ ದಿನ ಕಳೆಯುತ್ತಿದ್ದದ್ದು ಪತ್ರಿಕೆ ಓದಿ ಹೇಳುವುದರಲ್ಲಿ, ಒಂದು ಹಾಳೆಯ ‘ಸಮರ ಪತ್ರ’ ಬರೆಸುವುದರಲ್ಲಿ, ಬಿಸಿ ಊಟ, ತಂಬಾಕು, ಅಂಚೆ ಬಂತೇ ಎಂದು ನೋಡುವುದರಲ್ಲಿ. ಇದಕ್ಕಿಂತ ದೊಡ್ಡ ಕೆಲಸ ಕಾಳಗದಲ್ಲಿ ಸತ್ತ ಪಕ್ಷ ಸದಸ್ಯರ ಜಾಗಕ್ಕೆ ಹೊಸಬರನ್ನು ತುಂಬುವುದು. ಹೊಸಬನಿಗೆ ಮೂವರ ಶಿಫಾರಸು ಬೇಕಿತ್ತು. ಶಿಫಾರಸು ಮಾಡುವವರು ಮೂರು ವರ್ಷದ ಸದಸ್ಯರಾಗಿರಬೇಕೆಂಬ ನಿಯಮವನ್ನು, ಕಾಳಗದಲ್ಲಿ ಹೆಸರು ಮಾಡಿದವರ ಪಾಲಿಗೆ, 1941ರ ಆಗಸ್ಟ್‌ನಲ್ಲಿ ಒಂದೇ ವರ್ಷಕ್ಕೆ ಇಳಿಸಿದರು. ಡಿಸೆಂಬರ್‌ನಲ್ಲಿ, ರಣರಂಗದಲ್ಲಿದ್ದವರಿಗೆ ಅಭ್ಯರ್ಥಿಯಾಗಿ ಕಾಯುವ ಕಾಲವನ್ನು ಮೂರು ತಿಂಗಳಿಗೆ ಇಳಿಸಿದರು. ಇಲ್ಲದಿದ್ದರೆ ಒಂದು ದಾಳಿ ಮುಗಿಯುವಷ್ಟರಲ್ಲಿ ಕಂಪನಿಯ ಪಕ್ಷದ ಘಟಕವೇ ಖಾಲಿ. ಸಿದ್ಧಾಂತ ಕಲಿತು ಸದಸ್ಯರಾಗುವುದು ಶಾಂತಿಕಾಲದ ಕ್ರಮ. ಇಲ್ಲಿ ಸದಸ್ಯರಾದ ಮೇಲೆ, ಬದುಕಿದ್ದರೆ, ಕಲಿಕೆ.

ಪೊಲಿತ್ರುಕ್‌ನ ತರಬೇತಿ ಸೋತದ್ದು ಬೇರೊಂದು ಕಡೆ. ಪಕ್ಷದ ಚರಿತ್ರೆ ಕಂಠಪಾಠವಿದ್ದವನಿಗೂ ನಕ್ಷೆ ಓದಲು ಬಾರದಿರಬಹುದು. ಕಮಾಂಡರ್ ಬಿದ್ದ ಕ್ಷಣದಲ್ಲಿ ಕಂಪನಿ ನಡೆಸಬೇಕಾದವನು ಮಾತ್ರ ಅವನೇ. 1942ರ ಜೂನ್‌ನಲ್ಲಿ ಮೆಖ್ಲಿಸ್‌ನ ಬದಲು ಶ್ಚೆರ್ಬಕೋವ್ ಸೇನೆಯ ರಾಜಕೀಯ ಆಡಳಿತದ ಮುಖ್ಯಸ್ಥನಾದ ಮೇಲೆ ಸೇನಾ ವಿದ್ಯೆಗೆ ಒತ್ತು ಬಂತು. ಕಮಿಸಾರ್ ಹುದ್ದೆ ತೆಗೆದ ಅಕ್ಟೋಬರ್‌ನ ಆದೇಶ, ರಣಾನುಭವ ಗಳಿಸಿದ ಕಮಿಸಾರರನ್ನು ಕಮಾಂಡರ್ ಹುದ್ದೆಗೆ ಹಾಕಬಹುದು ಎಂದಿತು. 1943ರ ಮೇನಲ್ಲಿ, ಪೊಲಿತ್ರುಕ್‌ನ ಜಾಗಕ್ಕೆ ಬಂದಿದ್ದ ಕಂಪನಿಯ ರಾಜಕೀಯ ಉಪನಾಯಕನ ಹುದ್ದೆಯೂ ಹೋಯಿತು.

1944ರ ದೃಶ್ಯವೇ ಬೇಕೆಂದರೆ ರೆಜಿಮೆಂಟಿಗೆ ಒಬ್ಬ ಜಾಂಪೊಲಿತ್‌ನನ್ನು ತನ್ನಿ: ಕಮಾಂಡರನ ಕೈಕೆಳಗಿನ ರಾಜಕೀಯ ಉಪನಾಯಕ, ಮೇಜರ್‌ನಂಥ ಸಾಮಾನ್ಯ ಸೇನಾ ದರ್ಜೆ, ಹೆಗಲ ಮೇಲೆ ಪಟ್ಟಿ. ಕಮಿಸಾರರ ತೋಳಿನ ಮೇಲಿನ ಕೆಂಪು ನಕ್ಷತ್ರ ಅಷ್ಟರಲ್ಲಿ ಹೋಗಿತ್ತು.