ಸೌರಮಾರುತ ತಾಕುವ ಅಂಚಿನ ಕಥೆ

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಖಗೋಳವೀಕ್ಷಕ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆದುಕೊಳ್ಳುತ್ತಿದ್ದಾಗ, ಅವುಗಳ ನಡುವೆ ಬೆಳ್ಳನೆಯ ಬೆಳಕು ಚಿಮ್ಮಿ ಕೆಲವೇ ನಿಮಿಷಗಳಲ್ಲಿ ಅಡಗಿತು. ಮರುದಿನ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಕಾಂತ ಕ್ಷೇತ್ರವು ಸುಮಾರು 1600 ನ್ಯಾನೊಟೆಸ್ಲಾದಷ್ಟು ಕುಸಿದದ್ದು ದಾಖಲಾಯಿತು. ನಮ್ಮ ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ. ಆ ಮಹಾಕ್ಷೋಭೆಯ ಅತ್ಯಮೂಲ್ಯ ಅಳತೆಗಳಲ್ಲೊಂದು ನಮ್ಮ ಅಂದಿನ ರಾಜಧಾನಿಯಲ್ಲೇ, ಹೊತ್ತುಹೊತ್ತಿಗೆ ಕಾಂತಸೂಜಿಯನ್ನು ಓದಿ ಬರೆದಿಟ್ಟವರ ಶ್ರದ್ಧೆಯಿಂದ ಉಳಿದುಬಂದಿತೆಂಬುದನ್ನು ನಾವು ಇನ್ನಷ್ಟು ಅಭಿಮಾನದಿಂದ ನೆನೆಯಬೇಕು.

ಸೂರ್ಯನಿಗೂ ಸೂಜಿಗೂ ಇರುವ ನಂಟು ಬಿಡಿಸಲು ಶತಮಾನವೇ ಹಿಡಿಯಿತು. ಸೂರ್ಯನಿಂದ ಬರುವ ವಿದ್ಯುದಾವೇಶದ ಕಣಗಳ ಮೋಡ ಭೂಕಾಂತ ಕ್ಷೇತ್ರವನ್ನು ಒತ್ತುತ್ತದೆಂದು ಚಾಪ್‌ಮನ್ ಮತ್ತು ಫೆರಾರೊ 1931ರಲ್ಲಿ ಹೇಳಿದರು. ಅದು ಆಗೊಮ್ಮೆ ಈಗೊಮ್ಮೆ ಬರುವ ಮೋಡವಲ್ಲ, ಎಡೆಬಿಡದ ಮಾರುತ ಎಂದು ಯುಜೀನ್ ಪಾರ್ಕರ್ 1958ರಲ್ಲಿ ವಾದಿಸಿದರು. 1962ರಲ್ಲಿ ಮ್ಯಾರಿನರ್-2 ನೌಕೆ ಅದನ್ನು ಅಳೆದು ಖಚಿತಪಡಿಸಿತು.

ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಬಂದಾಗ ಗೋಕಾಕ ಬಳಿಯ ಲೋಳಸೂರು ಸೇತುವೆಯ ಕಂಬಗಳನ್ನು ನೋಡಿದವರಿಗೆ ಈ ಮುಖಾಮುಖಿ ಅರ್ಥವಾದೀತು: ಕೆಂಪು ನೀರು ಕಂಬದ ಎದುರು ಉಬ್ಬಿ, ಎರಡೂ ಪಕ್ಕಕ್ಕೆ ಸೀಳಿ, ಹಿಂದೆ ಸುಳಿ ಸುತ್ತುತ್ತದೆ. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದ ಮಾರುತವೂ ಭೂಮಿಯ ಕಾಂತಗೋಳದ (ಭೂಕಾಂತ ಕ್ಷೇತ್ರ ಆಳುವ ವಲಯದ) ಎದುರು ಹೀಗೆಯೇ ನಿಧಾನಗೊಂಡು ಬಿಸಿಯೇರುತ್ತದೆ. ಪಕ್ಕಗಳಲ್ಲಿ ಸುಳಿಗಳೂ ಏಳುತ್ತವೆ. ಆದರೆ ಕಂಬ ಅಲುಗದು, ಕಾಂತಗೋಳದ ಅಂಚು ಅಲುಗುತ್ತದೆ. ಭೂಕೇಂದ್ರದಿಂದ ಸೂರ್ಯನ ಕಡೆಗೆ ಸುಮಾರು 65,000 ಕಿ.ಮೀ. ದೂರದಲ್ಲಿರುವ ಅದು ಮಾರುತದ ಒತ್ತಡ ಹೆಚ್ಚಿದೊಡನೆ ಒಳಸರಿಯುತ್ತದೆ.

ಇನ್ನೊಂದು ಭೇದ ಇದಕ್ಕಿಂತ ದೊಡ್ಡದು. ಮಾರುತ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಾಭಿಮುಖವಾಗಿದ್ದರೆ, ಅದರ ಬಲರೇಖೆಗಳೂ ಭೂಮಿಯ ಉತ್ತರಾಭಿಮುಖ ರೇಖೆಗಳೂ ಕಡಿದು ಪರಸ್ಪರ ಕೂಡಿಕೊಳ್ಳುತ್ತವೆ, ಶಕ್ತಿ ಒಳನುಗ್ಗುತ್ತದೆ ಎಂದು ಜೇಮ್ಸ್ ಡಂಜಿ 1961ರಲ್ಲಿ ಸೂಚಿಸಿದರು. ಈ ಕೂಡಿಕೆ ಎಲ್ಲೆಡೆ ಒಂದೇ ಸಮನೆ ನಡೆಯದೆ, ಹಗ್ಗದಂತೆ ಹೊಸೆದ ಕಾಂತರೇಖೆಗಳ ಕಟ್ಟುಗಳಾಗಿ, ಒಂದೆರಡು ನಿಮಿಷದ ಸಿಡಿತಗಳಲ್ಲಿ ಅಂಚಿನುದ್ದಕ್ಕೂ ಸಾಗುವುದನ್ನು ರಸೆಲ್ ಮತ್ತು ಎಲ್ಫಿಕ್ 1978ರಲ್ಲಿ ಉಪಗ್ರಹಗಳ ಅಳತೆಯಿಂದ ಗುರುತಿಸಿದರು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇದೇ. 2015ರಲ್ಲಿ ಹಾರಿದ ನಾಸಾದ ಎಂಎಂಎಸ್ ಯೋಜನೆಯ ನಾಲ್ಕು ನೌಕೆಗಳು ಅದೇ ಕೂಡಿಕೆಯನ್ನು ಎಲೆಕ್ಟ್ರಾನುಗಳ ಮಟ್ಟದಲ್ಲಿ ನೋಡಿದವು.

2024ರ ಜನವರಿಯಿಂದ ನಮ್ಮ ಆದಿತ್ಯ-ಎಲ್1 ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ಇದ್ದು, ಹಾದುಬರುವ ಮಾರುತದ ಕಾಂತಕ್ಷೇತ್ರ ಯಾವ ದಿಕ್ಕಿನದೆಂದು ಅಳೆಯುತ್ತಿದೆ. ಅಲ್ಲಿಂದ ಮಾರುತ ನಮ್ಮ ಅಂಚನ್ನು ತಲುಪಲು ಬೇಕಾಗುವುದು ಸುಮಾರು ಒಂದು ಗಂಟೆ. ಬಿರುಸಿನ ಮಾರುತವಾದರೆ ಅರ್ಧ ಗಂಟೆ.